ಯಾವುದರ ಎದುರು ಸ್ಥಿರ? ಟ್ರಾನ್ಸಿಸ್ಟರ್ ಪ್ರವಾಹಮೂಲಗಳು ಮತ್ತು ಕಾಫಿ ಮಲೆಗಳ ಮಳೆಗಾಲ

ಕನ್ನಡದ ಆಡುಮಾತಿನಲ್ಲಿ ಮನೆಗೆ ಬರುವ ವಿದ್ಯುತ್ತಿಗೆಲ್ಲ ಒಟ್ಟಾಗಿ ‘ಕರೆಂಟ್’ ಎಂಬ ಹೆಸರು ಸಲ್ಲುತ್ತದೆಯಾದರೂ, ಮೆಸ್ಕಾಂ ಚಿಕ್ಕಮಗಳೂರಿನಿಂದ ಕಳಸದವರೆಗಿನ ಮನೆ–ತೋಟಗಳಿಗೆ ಒದಗಿಸಲು ಹೊಣೆ ಹೊತ್ತಿರುವುದು 230 ವೋಲ್ಟ್ ಎಂಬ ವಿಭವಾಂತರವನ್ನೇ ಹೊರತು ಇಂತಿಷ್ಟು ಆಂಪಿಯರ್ ಎಂಬ ಪ್ರವಾಹವನ್ನಲ್ಲ. ಎಷ್ಟು ಪ್ರವಾಹ ಹರಿಯಬೇಕೆಂಬುದನ್ನು ಬಳಕೆದಾರರ ಬಲ್ಬು, ಮೋಟಾರು, ಮಿಕ್ಸಿಗಳು ತಮ್ಮ ರೋಧಕ್ಕೆ ತಕ್ಕಂತೆ ತೀರ್ಮಾನಿಸುತ್ತವೆ. ಎರಡು ಬಲ್ಬು ಹೆಚ್ಚಿಗೆ ಹಚ್ಚಿದರೆ ಪ್ರವಾಹ ಹೆಚ್ಚುತ್ತದೆ, ವೋಲ್ಟೇಜು ಇದ್ದಲ್ಲೇ ಇರುತ್ತದೆ, ಇರಬೇಕು. ಇದಕ್ಕೆ ತದ್ವಿರುದ್ಧವಾದ ವ್ಯವಸ್ಥೆಯೂ ಉಂಟು. ಹೊರೆಯ ರೋಧ ಏರಲಿ ಇಳಿಯಲಿ, ಅದರ ಮೂಲಕ ಹರಿಯುವ ಪ್ರವಾಹವನ್ನು ಬದಲಾಗಗೊಡದೆ, ಬೇಕಾದಷ್ಟು ವೋಲ್ಟೇಜನ್ನು ತಾನಾಗಿ ಹೊಂದಿಸಿಕೊಳ್ಳುವ ಮಂಡಲವನ್ನು ಸ್ಥಿರಪ್ರವಾಹ ಮೂಲ ಎನ್ನುತ್ತಾರೆ. ಮನೆಯ ಗೋಡೆಯಲ್ಲಿ ಅದು ಸಿಗುವುದಿಲ್ಲ. ಎಲ್‌ಇಡಿ ದೀಪ, ಉಷ್ಣಾಂಶ ಮಾಪಕ, ನೀರಿನ ಟ್ಯಾಂಕಿನ ಮಟ್ಟಸೂಚಕ, ಬ್ಯಾಟರಿ ಚಾರ್ಜರ್ ಇವುಗಳ ಒಳಗೆ ಒಂದೋ ಎರಡೋ ಟ್ರಾನ್ಸಿಸ್ಟರುಗಳಿಂದ ಕಟ್ಟಿದ ಪುಟ್ಟ ಭಾಗವಾಗಿ ಅಡಗಿರುತ್ತದೆ.

ಮಲೆನಾಡಿನ ಅಬ್ಬಿ ನೀರನ್ನು ಬಲ್ಲವರಿಗೆ ಈ ಕಲ್ಪನೆ ಹೊಸದಲ್ಲ. ಗುಡ್ಡದ ಒರತೆಯಿಂದ ದಂಬೆಯಲ್ಲೋ ಪೈಪಿನಲ್ಲೋ ಇಳಿದು ಬರುವ ನೀರಿನ ಪ್ರಮಾಣವನ್ನು ಒರತೆಯೇ ನಿರ್ಧರಿಸುತ್ತದೆ. ಪೈಪಿನ ತುದಿಯನ್ನು ಎರಡಡಿ ಮೇಲೆತ್ತಿದರೆ ಹಿಂದಿನ ನೀರು ಅಷ್ಟು ಏರಿ ನಿಂತು, ಮತ್ತೆ ಮೊದಲಿನಷ್ಟೇ ಸುರಿಯತೊಡಗುತ್ತದೆ. ಆದರೆ ತುದಿಯನ್ನು ಒರತೆಗಿಂತ ಎತ್ತರಕ್ಕೆ ಒಯ್ದರೆ ಹರಿವು ನಿಲ್ಲುತ್ತದೆ. ವಿದ್ಯುತ್ತಿನ ಪ್ರವಾಹಮೂಲಕ್ಕೂ ಇಂಥದೇ ಮಿತಿಯಿದೆ: ಹೊರೆ ಕೇಳುವ ವೋಲ್ಟೇಜು ಮೂಲದ ಬಳಿ ಇರುವ ಒಟ್ಟು ವೋಲ್ಟೇಜಿನ ಒಳಗಿರುವಷ್ಟು ಕಾಲ ಮಾತ್ರ ಪ್ರವಾಹ ಸ್ಥಿರವಾಗಿರುತ್ತದೆ. ಈ ಅವಕಾಶವನ್ನು ಇಲ್ಲಿ ‘ವೋಲ್ಟೇಜ್ ಮಿಗತೆ’ ಎಂದು ಕರೆಯಬಹುದು. ಕೈಕೊಟ್ಟ ಪ್ರವಾಹಮೂಲಗಳಲ್ಲಿ ಹಲವು ಈ ಮಿಗತೆಯನ್ನು ಲೆಕ್ಕ ಹಾಕದೆ ಕಟ್ಟಿದವು.

1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಬಾರ್ಡೀನ್ ಮತ್ತು ವಾಲ್ಟರ್ ಬ್ರಾಟೈನ್ ಮೊದಲ ಟ್ರಾನ್ಸಿಸ್ಟರನ್ನು ಕೆಲಸಕ್ಕೆ ಹಚ್ಚಿದರು. ವಿಲಿಯಂ ಶಾಕ್ಲಿಯವರ ಸಂಧಿ ಟ್ರಾನ್ಸಿಸ್ಟರ್ ಅದನ್ನು ಹಿಂಬಾಲಿಸಿತು. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1962ರ ಹೊತ್ತಿಗೆ ಜರ್ಮೇನಿಯಂ ಅರೆವಾಹಕಗಳ ತಯಾರಿಕೆಯನ್ನು ಆರಂಭಿಸಿತು, ಮುಂದೆ ಸಿಲಿಕಾನ್ ಬಂದಿತು, ಎಸ್‌ಎಲ್ 100 ಎಂಬ ಲೋಹದ ಟೋಪಿಯ ಟ್ರಾನ್ಸಿಸ್ಟರ್ ರಾಜ್ಯದ ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ಪ್ರಯೋಗಾಲಯಗಳಲ್ಲಿ ಹಲವು ತಲೆಮಾರುಗಳ ಕೈಯಲ್ಲಿ ಓಡಾಡಿತು. ಆ ಪ್ರಯೋಗಾಲಯಗಳಲ್ಲಿ ಬರೆಸುವ ಮೊದಲ ನಕ್ಷೆಯಲ್ಲೇ ಈ ಲೇಖನದ ವಸ್ತು ಅಡಗಿದೆ. ಟ್ರಾನ್ಸಿಸ್ಟರಿಗೆ ಬೇಸ್, ಎಮಿಟರ್, ಕಲೆಕ್ಟರ್ ಎಂಬ ಮೂರು ಕಾಲುಗಳಿದ್ದು, ಬೇಸ್–ಎಮಿಟರ್ ನಡುವಿನ ವೋಲ್ಟೇಜನ್ನು ಒಂದೆಡೆ ನಿಲ್ಲಿಸಿ ಕಲೆಕ್ಟರಿನ ವೋಲ್ಟೇಜನ್ನು ಏರಿಸುತ್ತ ಹೋದರೆ, ಪ್ರವಾಹ ಮೊದಲ ಒಂದೆರಡು ನೂರು ಮಿಲಿವೋಲ್ಟುಗಳಲ್ಲಿ ಜಿಗಿದು, ಆಮೇಲೆ ಹೆಚ್ಚುಕಡಿಮೆ ಮಟ್ಟಸವಾದ ಗೆರೆಯಾಗಿ ಸಾಗುತ್ತದೆ. ವಿದ್ಯಾರ್ಥಿ ಆ ಮಟ್ಟಸ ಗೆರೆಯನ್ನು ವರ್ಧಕದ ಪೀಠಿಕೆಯೆಂದು ಓದಿ ಮುಂದೆ ಹೋಗುತ್ತಾನೆ. ವಾಸ್ತವದಲ್ಲಿ ಅದು ಟ್ರಾನ್ಸಿಸ್ಟರಿನ ಮೂಲಸ್ವಭಾವ. ಅದು ಹುಟ್ಟಿನಿಂದಲೇ ಪ್ರವಾಹಮೂಲ.

ಆದರೂ ಬೇಸಿಗೆ 0.65 ವೋಲ್ಟ್ ಕೊಟ್ಟು ಸುಮ್ಮನಿರಲಾಗದು. ಕೋಣೆಯ ಉಷ್ಣಾಂಶದಲ್ಲಿ ಬೇಸ್–ಎಮಿಟರ್ ವೋಲ್ಟೇಜು ಒಂದು ಮಿಲಿವೋಲ್ಟ್ ಹೆಚ್ಚಾದರೆ ಪ್ರವಾಹ ಶೇ. 4ರಷ್ಟು ಹೆಚ್ಚುತ್ತದೆ, 10 ಮಿಲಿವೋಲ್ಟ್ ಹೆಚ್ಚಾದರೆ ಸುಮಾರು ಒಂದೂವರೆ ಪಟ್ಟಾಗುತ್ತದೆ. ಜೊತೆಗೆ ಅದೇ ಪ್ರವಾಹಕ್ಕೆ ಬೇಕಾಗುವ ವೋಲ್ಟೇಜು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 2 ಮಿಲಿವೋಲ್ಟಿನಂತೆ ಇಳಿಯುತ್ತದೆ. ಇದಕ್ಕೆ ಮದ್ದು ಎಮಿಟರಿನಲ್ಲಿ ಕೂರುವ ಒಂದು ರೋಧಕ. ಬೇಸಿನ ವೋಲ್ಟೇಜನ್ನು 1.75ರಲ್ಲಿ ಕಟ್ಟಿಹಾಕಿದರೆ, ಅದರಲ್ಲಿ 0.65 ವೋಲ್ಟ್ ಸಂಧಿಯ ಪಾಲಾಗಿ, ಉಳಿದ 1.1 ವೋಲ್ಟ್ ಎಮಿಟರ್ ರೋಧಕದ ಮೇಲೆ ಬೀಳುತ್ತದೆ. ರೋಧಕ 1,100 ಓಮ್ ಆಗಿದ್ದರೆ ಪ್ರವಾಹ 1 ಮಿಲಿಆಂಪಿಯರ್. ಪ್ರವಾಹ ತುಸು ಹೆಚ್ಚಲು ಹವಣಿಸಿದರೆ ರೋಧಕದ ಮೇಲಿನ ವೋಲ್ಟೇಜು ಹೆಚ್ಚಿ, ಸಂಧಿಗೆ ಉಳಿಯುವ ಪಾಲು ಕಡಿಮೆಯಾಗಿ, ಟ್ರಾನ್ಸಿಸ್ಟರ್ ತನ್ನ ಲಗಾಮನ್ನು ತಾನೇ ಬಿಗಿದುಕೊಳ್ಳುತ್ತದೆ. ಬೇಸಿನ ವೋಲ್ಟೇಜನ್ನು ಹಿಡಿದಿಡಲು ಮಾಮೂಲಿ ಕೆಂಪು ಎಲ್‌ಇಡಿಯೊಂದು ಸಾಕು. ಅದರ ಮೇಲೆ ಬೀಳುವ ವೋಲ್ಟೇಜು ಸುಮಾರು 1.7ರಿಂದ 1.8 ವೋಲ್ಟ್ ಇದ್ದು, ಬಿಸಿಯಾದಂತೆ ಟ್ರಾನ್ಸಿಸ್ಟರಿನ ಸಂಧಿ ಇಳಿಯುವ ದರದಲ್ಲೇ ಅದೂ ಇಳಿಯುವುದರಿಂದ ಎರಡರ ಬದಲಾವಣೆ ಒಂದನ್ನೊಂದು ಬಹುಮಟ್ಟಿಗೆ ಅಳಿಸಿಹಾಕುತ್ತದೆ. ಎರಡನ್ನೂ ಒಂದಕ್ಕೊಂದು ತಾಗಿಸಿ ಒಂದೇ ಕೊಳವೆಯಲ್ಲಿ ಮುಚ್ಚಿದರಂತೂ ಇನ್ನೂ ಲೇಸು. ಹತ್ತಿಪ್ಪತ್ತು ರೂಪಾಯಿಯ ಸಾಮಾನಿನಲ್ಲಿ ಇಷ್ಟು ಅಚ್ಚುಕಟ್ಟಾದ ಜೋಡಿ ಎಲೆಕ್ಟ್ರಾನಿಕ್ಸಿನಲ್ಲಿ ಅಪರೂಪ.

ಮೇಲೆ ಹೇಳಿದ ಮಟ್ಟಸ ಗೆರೆ ಪೂರ್ತಿ ಮಟ್ಟಸವಲ್ಲ. ಕಲೆಕ್ಟರ್ ವೋಲ್ಟೇಜು ಏರಿದಂತೆ ಪ್ರವಾಹವೂ ನಿಧಾನವಾಗಿ ಏರುತ್ತದೆ. 1952ರಲ್ಲಿ ಇದನ್ನು ವಿವರಿಸಿದ ಜೇಮ್ಸ್ ಅರ್ಲಿಯವರ ಹೆಸರಿನಿಂದ ಇದಕ್ಕೆ ‘ಅರ್ಲಿ ಪರಿಣಾಮ’ ಎಂಬ ಹೆಸರು ಬಂದಿದೆ. ಎಮಿಟರ್ ರೋಧಕವಿಲ್ಲದ ಸಾಮಾನ್ಯ ಟ್ರಾನ್ಸಿಸ್ಟರಿನಲ್ಲಿ 10 ವೋಲ್ಟ್ ಬದಲಾವಣೆಗೆ ಪ್ರವಾಹ ಶೇ. 10ರಷ್ಟು ಬದಲಾಗಬಹುದಾದರೆ, ಮೇಲಿನ 1,100 ಓಮಿನ ರೋಧಕ ಆ ದೋಷವನ್ನು ಸುಮಾರು 35 ಪಟ್ಟು ತಗ್ಗಿಸಿ ಶೇ. 0.3ರ ಆಸುಪಾಸಿಗೆ ತರುತ್ತದೆ.

ಇನ್ನು ಪ್ರವಾಹ ದರ್ಪಣ. ಒಂದು ಟ್ರಾನ್ಸಿಸ್ಟರಿನಲ್ಲಿ ಹರಿಸಿದ ಪ್ರವಾಹವನ್ನು ಅದೇ ಬೇಸ್ ವೋಲ್ಟೇಜು ಪಡೆದ ಇನ್ನೊಂದು ಅವಳಿ ಟ್ರಾನ್ಸಿಸ್ಟರಿನಲ್ಲಿ ನಕಲು ಮಾಡುವ ಈ ಮಂಡಲ, ಒಂದೇ ಸಿಲಿಕಾನ್ ಚೂರಿನ ಮೇಲೆ ಅಕ್ಕಪಕ್ಕ ಹುಟ್ಟಿದ ಟ್ರಾನ್ಸಿಸ್ಟರುಗಳಿರುವ ಚಿಪ್‌ಗಳಲ್ಲಿ ಸೊಗಸಾಗಿ ಕೆಲಸ ಮಾಡುತ್ತದೆ. 1960ರ ದಶಕದಲ್ಲಿ ಬಾಬ್ ವಿಡ್ಲರ್ ಅದಕ್ಕೊಂದು ರೋಧಕ ಸೇರಿಸಿ ಮೈಕ್ರೋಆಂಪಿಯರ್ ಮಟ್ಟದ ಪ್ರವಾಹವನ್ನು ಸಣ್ಣ ರೋಧಕದಿಂದಲೇ ಸಾಧಿಸಿದರು. ಜಾರ್ಜ್ ವಿಲ್ಸನ್ ಮೂರನೆಯ ಟ್ರಾನ್ಸಿಸ್ಟರ್ ಸೇರಿಸಿ ಬೇಸ್ ಪ್ರವಾಹದಿಂದಾಗುವ ತಪ್ಪನ್ನು ಬಹುಮಟ್ಟಿಗೆ ನಿವಾರಿಸಿದರು. ಆದರೆ ಅಂಗಡಿಯಿಂದ ತಂದ ಎರಡು ಬಿಡಿ ‘ಬಿ.ಸಿ. 547’ ಟ್ರಾನ್ಸಿಸ್ಟರುಗಳಿಂದ ದರ್ಪಣ ಕಟ್ಟುವವರು ಆ ‘ಅವಳಿ’ಗಳ ನಡುವೆ ಕೆಲವು ಮಿಲಿವೋಲ್ಟ್ ವ್ಯತ್ಯಾಸ ಇದ್ದೇ ಇರುತ್ತದೆಂಬುದನ್ನು ಮರೆಯಬಾರದು, ಎಮಿಟರ್ ರೋಧಕಗಳಿಲ್ಲದ ಅಂಥ ದರ್ಪಣ ಪಠ್ಯಪುಸ್ತಕದ ಚಿತ್ರದಲ್ಲಿ ಮಾತ್ರ ದರ್ಪಣ. ಸಂಧಿ ಬಗೆಯ ಕ್ಷೇತ್ರಪರಿಣಾಮ ಟ್ರಾನ್ಸಿಸ್ಟರಿನ ಗೇಟನ್ನು ಸೋರ್ಸಿಗೆ ಜೋಡಿಸಿದರೆ ಎರಡೇ ಕಾಲಿನ ಪ್ರವಾಹಮೂಲ ಸಿದ್ಧವೆಂಬುದು ನಿಜವಾದರೂ, ನಮ್ಮ ಪ್ರಯೋಗಾಲಯಗಳಲ್ಲಿ ಪರಿಚಿತವಾದ ಬಿಎಫ್‌ಡಬ್ಲ್ಯೂ 10ರ ಆ ಪ್ರವಾಹ 8ರಿಂದ 20 ಮಿಲಿಆಂಪಿಯರಿನ ನಡುವೆ ಎಲ್ಲಾದರೂ ಇರಬಹುದಾದ್ದರಿಂದ ಪ್ರತಿಯೊಂದನ್ನೂ ಅಳೆದೇ ಬಳಸಬೇಕಾಗುತ್ತದೆ.

ಹೀಗೆ ಮಂಡಲಗಳ ಪಟ್ಟಿ ಬೆಳೆಯುತ್ತದೆ. ಆದರೆ ವಿನ್ಯಾಸಕನ ಮುಂದಿರುವ ನಿಜವಾದ ಪ್ರಶ್ನೆ ಅವುಗಳಲ್ಲಿ ಯಾವುದು ಶ್ರೇಷ್ಠ ಎಂಬುದಲ್ಲ, ಪ್ರವಾಹವು ಯಾವುದರ ಎದುರು ಸ್ಥಿರವಾಗಿರಬೇಕು ಎಂಬುದು. ಸರಬರಾಜಿನ ವೋಲ್ಟೇಜು, ಹೊರೆ, ಉಷ್ಣಾಂಶ, ಬಿಡಿಭಾಗಗಳ ಏರುಪೇರು ಎಂಬ ನಾಲ್ಕನ್ನು ಪಠ್ಯಗಳು ಹೇಳುತ್ತವೆ. ಕಾಫಿ ಮಲೆಗಳಲ್ಲಿ ಐದನೆಯದೊಂದಿದೆ, ಅದು ತೇವ. ಅದಕ್ಕೆ ಬರುವ ಮೊದಲು ಸರಬರಾಜಿನ ಏರಿಳಿತವೊಂದನ್ನು ಹತ್ತಿರದಿಂದ ನೋಡಬೇಕು.

ಮೂಡಿಗೆರೆ, ಕಳಸದ ಒಳನಾಡಿನಲ್ಲಿ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ದಿನಗಟ್ಟಲೆ ವಿದ್ಯುತ್ತಿರುವುದಿಲ್ಲ. ಅನೇಕ ಮನೆಗಳು ಸೋಲಾರ್ ಫಲಕವನ್ನೋ ಹಳ್ಳದ ನೀರಿನಿಂದ ತಿರುಗುವ ಪುಟ್ಟ ಟರ್ಬೈನನ್ನೋ ಬ್ಯಾಟರಿಯೊಂದಿಗೆ ನಂಬಿಕೊಂಡಿವೆ. ಹನ್ನೆರಡು ವೋಲ್ಟಿನದೆಂದು ಕರೆಯುವ ಸೀಸದ ಬ್ಯಾಟರಿ ವಾಸ್ತವದಲ್ಲಿ ಬಳಲಿದಾಗ 11 ವೋಲ್ಟಿಗೂ ಚಾರ್ಜಾಗುವಾಗ 14.4 ವೋಲ್ಟಿಗೂ ಹೋಗುತ್ತದೆ. ಲೈನ್ ಮನೆಯೊಂದರ ದೀಪದಲ್ಲಿ ಮೂರು ಬಿಳಿ ಎಲ್‌ಇಡಿಗಳು ಸರಣಿಯಲ್ಲಿದ್ದು ಒಟ್ಟು 9.3 ವೋಲ್ಟ್ ಕೇಳುತ್ತವೆ ಎಂದಿಟ್ಟುಕೊಳ್ಳೋಣ. ಬರಿಯ 160 ಓಮ್ ರೋಧಕ ಹಾಕಿದರೆ 12.5 ವೋಲ್ಟಿನಲ್ಲಿ 20 ಮಿಲಿಆಂಪಿಯರ್ ಹರಿಯುತ್ತದೆ, 11ರಲ್ಲಿ ಅದು ಹನ್ನೊಂದಕ್ಕೂ ಕಡಿಮೆಯಾಗಿ ದೀಪ ಮಂಕಾಗುತ್ತದೆ, 14.4ರಲ್ಲಿ 32ರ ಹತ್ತಿರ ಏರಿ ಎಲ್‌ಇಡಿಯ ಆಯುಸ್ಸು ಕರಗುತ್ತದೆ. ಇಲ್ಲಿ ಎರಡು ಟ್ರಾನ್ಸಿಸ್ಟರುಗಳ ಸರಳ ಮಂಡಲ ಸಾಕು: ಮೊದಲನೆಯದು ದೀಪದ ಪ್ರವಾಹವನ್ನು ಹೊರುತ್ತದೆ, ಅದರ ಎಮಿಟರಿನಲ್ಲಿ 33 ಓಮಿನ ರೋಧಕ ಇರುತ್ತದೆ, ಆ ರೋಧಕದ ಮೇಲಿನ ವೋಲ್ಟೇಜು 0.65 ಮುಟ್ಟಿದೊಡನೆ ಎರಡನೆಯ ಟ್ರಾನ್ಸಿಸ್ಟರ್ ಎಚ್ಚೆತ್ತು ಮೊದಲನೆಯದರ ಬೇಸಿಗೆ ಹೋಗುವ ಪ್ರವಾಹವನ್ನು ಬದಿಗೆ ಸೆಳೆದುಕೊಳ್ಳುತ್ತದೆ. ಪ್ರವಾಹ 20 ಮಿಲಿಆಂಪಿಯರಿನಲ್ಲಿ ನಿಲ್ಲುತ್ತದೆ. ಮಂಡಲ ತನಗಾಗಿ ತಿನ್ನುವುದು ಸುಮಾರು 1 ವೋಲ್ಟ್ ಮಾತ್ರ, ಹಾಗಾಗಿ 11 ವೋಲ್ಟಿನಲ್ಲೂ ಅದು ಉಸಿರಾಡುತ್ತದೆ. ಬಹುಜನಪ್ರಿಯವಾದ ಎಲ್‌ಎಂ 317 ಚಿಪ್ಪನ್ನು ಪ್ರವಾಹಮೂಲವಾಗಿ ಬಳಸಿದರೆ ಅದರ 1.25 ವೋಲ್ಟ್ ಮತ್ತು ಒಳಗಿನ ಬೀಳು ಸೇರಿ 3 ವೋಲ್ಟಿನಷ್ಟು ತಿನ್ನುವುದರಿಂದ, ಬ್ಯಾಟರಿ ಇಳಿದ ರಾತ್ರಿಯಲ್ಲೇ, ಅಂದರೆ ದೀಪ ಅತ್ಯಂತ ಬೇಕಾದಾಗಲೇ, ಅದು ಸೋಲುತ್ತದೆ. ಎರಡು ಟ್ರಾನ್ಸಿಸ್ಟರಿನ ಮಂಡಲದಲ್ಲಿ 20 ಡಿಗ್ರಿ ಬಿಸಿಯೇರಿದರೆ ಪ್ರವಾಹ ಶೇ. 6ರಷ್ಟು ಇಳಿಯುತ್ತದೆಂಬ ದೋಷವಿದೆ. ಮಾಪನದಲ್ಲಿ ಅದು ಕ್ಷಮಿಸಲಾಗದ ತಪ್ಪು, ದೀಪದಲ್ಲಿ ಬಿಸಿಯಾದ ಎಲ್‌ಇಡಿಯನ್ನು ಕಾಯುವ ಗುಣ. ಆದರೆ ಅದೇ ಮೂರರ ಸರಣಿಯಲ್ಲಿ 350 ಮಿಲಿಆಂಪಿಯರಿನ ದೊಡ್ಡ ಎಲ್‌ಇಡಿಗಳನ್ನು ಹಾಕಿದಾಗ ಇದೇ ಮಂಡಲ ತುಂಬಿದ ಬ್ಯಾಟರಿಯಲ್ಲಿ ಒಂದೂವರೆ ವ್ಯಾಟನ್ನು ಬರಿ ಶಾಖವಾಗಿ ಕಳೆಯುವುದರಿಂದ, ಅಲ್ಲಿ ಸ್ವಿಚಿಂಗ್ ಡ್ರೈವರುಗಳೇ ಯೋಗ್ಯ.

ಮಾಪನದ ಲೋಕ ಬೇರೆ. ಕಾಫಿಯ ಬದುಕು ಉಷ್ಣಾಂಶ ಮತ್ತು ತೇವಗಳ ಮೇಲೆ ನಿಂತಿದೆ: ಹೂಮಳೆ ಬೀಳುವ ಹೊತ್ತು, ಕಣದಲ್ಲಿ ಒಣಗುವ ಪಾರ್ಚ್‌ಮೆಂಟ್ ಶೇ. 10ರ ತೇವಕ್ಕೆ ಇಳಿಯುವ ಹೊತ್ತು, ಡ್ರೈಯರಿನ ಗಾಳಿಯ ಬಿಸಿ. 1925ರಲ್ಲಿ ಡಾ. ಲೆಸ್ಲಿ ಕೋಲ್ಮನ್ ಅವರ ಮುಂದಾಳತ್ವದಲ್ಲಿ ಮೈಸೂರು ಸರ್ಕಾರ ಬಾಳೆಹೊನ್ನೂರಿನಲ್ಲಿ ತೆರೆದ ಪ್ರಯೋಗ ಕೇಂದ್ರ, ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ, ಈ ಬೆಳೆಯ ಅಧ್ಯಯನಕ್ಕೆ ಸಾಂಸ್ಥಿಕ ನೆಲೆ ಕೊಟ್ಟಿತು. ಇಂದು ತೋಟದವರೇ ಉಷ್ಣಾಂಶ ಸಂವೇದಕಗಳನ್ನು ಮಣ್ಣಿನಲ್ಲೂ ಡ್ರೈಯರಿನಲ್ಲೂ ಇಡುವ ಕಾಲ ಬಂದಿದೆ. ಪಿಟಿ 100 ಎಂಬ ಪ್ಲಾಟಿನಂ ಸಂವೇದಕದ ರೋಧ 0 ಡಿಗ್ರಿಯಲ್ಲಿ 100 ಓಮ್ ಇದ್ದು, ಪ್ರತಿ ಡಿಗ್ರಿಗೆ ಸುಮಾರು 0.385 ಓಮಿನಂತೆ ಏರುತ್ತದೆ. ಇದರ ಮೂಲಕ 1 ಮಿಲಿಆಂಪಿಯರ್ ಸ್ಥಿರಪ್ರವಾಹ ಹರಿಸಿ ವೋಲ್ಟೇಜನ್ನು ಓದುತ್ತಾರೆ. ಅರ್ಧ ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು 500 ಮೀಟರ್ ಎಳೆದರೆ ಹೋಗಿಬರುವ ದಾರಿಯ ರೋಧ ಸುಮಾರು 35 ಓಮ್. ಎರಡೇ ತಂತಿಯಲ್ಲಿ ಅಳೆದರೆ ಮಾಪಕ ನಿಜಕ್ಕಿಂತ 90 ಡಿಗ್ರಿ ಹೆಚ್ಚು ತೋರಿಸುತ್ತದೆ. ನಾಲ್ಕು ತಂತಿ ಎಳೆದು, ಎರಡರಲ್ಲಿ ಪ್ರವಾಹ ಕಳಿಸಿ ಇನ್ನೆರಡರಲ್ಲಿ ವೋಲ್ಟೇಜನ್ನು ಮಾತ್ರ ಓದಿದರೆ ಆ 35 ಓಮ್ ಲೆಕ್ಕದಿಂದಲೇ ಜಾರಿಹೋಗುತ್ತದೆ, ಏಕೆಂದರೆ ಪ್ರವಾಹಮೂಲ ತನ್ನ ದಾರಿಯ ರೋಧವನ್ನು ಲೆಕ್ಕಿಸುವುದಿಲ್ಲ, ವೋಲ್ಟೇಜು ಓದುವ ತಂತಿಗಳಲ್ಲಿ ಪ್ರವಾಹ ಹರಿಯುವುದೇ ಇಲ್ಲವೆನ್ನಬಹುದು. ಅದೇ ಪ್ರವಾಹವನ್ನು ನಿಖರವಾದ ಪ್ರಮಾಣ ರೋಧಕವೊಂದರ ಮೂಲಕವೂ ಹರಿಸಿ ಎರಡು ವೋಲ್ಟೇಜುಗಳ ಅನುಪಾತವನ್ನು ತೆಗೆದುಕೊಂಡರೆ ಪ್ರವಾಹಮೂಲದ ಸ್ವಂತ ಏರುಪೇರೂ ಅಳಿಯುತ್ತದೆ. ದುಬಾರಿ ಮೂಲಕ್ಕಿಂತ ಈ ಉಪಾಯ ಮೇಲು.

ಇದೇ ತತ್ವ ಕಾರ್ಖಾನೆಗಳಲ್ಲಿ 4–20 ಮಿಲಿಆಂಪಿಯರ್ ಕುಣಿಕೆಯಾಗಿ ಬೇರೂರಿತು. ಅದಕ್ಕೆ ಮುಂಚೆ ಗಾಳಿಯ ಕೊಳವೆಗಳಲ್ಲಿ ಚದರ ಅಂಗುಲಕ್ಕೆ 3ರಿಂದ 15 ಪೌಂಡ್ ಒತ್ತಡವಾಗಿ ಸಂಕೇತಗಳು ಸಾಗುತ್ತಿದ್ದವು. ಅದೇ ಒಂದಕ್ಕೆ ಐದರ ಅನುಪಾತ ವಿದ್ಯುತ್ತಿಗೂ ಬಂದಿತು. ಕಳಸದ ನೆರೆಯಲ್ಲೇ, 1976ರಲ್ಲಿ ಸ್ಥಾಪನೆಯಾಗಿ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಲ್ಲಿಸಿದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ, ಅದಿರಿನ ರಾಡಿಯನ್ನು 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟದಿಂದ ಮಂಗಳೂರಿಗೆ ಇಳಿಸುತ್ತಿತ್ತು. ಒತ್ತಡ, ಹರಿವು, ಮಟ್ಟಗಳನ್ನು ಎಡೆಬಿಡದೆ ಅಳೆಯಬೇಕಾದ ಅಂಥ ಸ್ಥಾವರಗಳ ಪೀಳಿಗೆಗೆ 4–20 ಮಿಲಿಆಂಪಿಯರೇ ಸಾಮಾನ್ಯ ಭಾಷೆಯಾಗಿತ್ತು. ತೋಟದ ಅಳತೆಯಲ್ಲಿ ಅದನ್ನು ಹೀಗೆ ಊಹಿಸಬಹುದು: ಗುಡ್ಡದ ನೆತ್ತಿಯ ಟ್ಯಾಂಕಿನಲ್ಲಿ ಮಟ್ಟಸೂಚಕ, 500 ಮೀಟರ್ ಕೆಳಗೆ ಹಳ್ಳದ ಬದಿಯ ಮೋಟಾರು ಮನೆಯಲ್ಲಿ 24 ವೋಲ್ಟಿನ ಸರಬರಾಜು ಮತ್ತು 250 ಓಮಿನ ರೋಧಕ. ಟ್ಯಾಂಕು ಬರಿದಾಗಿದ್ದರೆ ಸೂಚಕದೊಳಗಿನ ಟ್ರಾನ್ಸಿಸ್ಟರ್ 4 ಮಿಲಿಆಂಪಿಯರ್ ಸೆಳೆಯುತ್ತದೆ, ತುಂಬಿದ್ದರೆ 20. ಕೆಳಗಿನ ರೋಧಕದ ಮೇಲೆ ಅದು 1ರಿಂದ 5 ವೋಲ್ಟಾಗಿ ಕಾಣುತ್ತದೆ. ತಂತಿ ತಿನ್ನುವುದು ಹೆಚ್ಚೆಂದರೆ 0.7 ವೋಲ್ಟ್, ರೋಧಕ 5, ಸೂಚಕಕ್ಕೆ 18 ವೋಲ್ಟಿಗೂ ಹೆಚ್ಚು ಉಳಿಯುತ್ತದೆ. ತಂತಿ ಹರಿದರೆ ಪ್ರವಾಹ ಸೊನ್ನೆಯಾಗುತ್ತದೆ, ಸೊನ್ನೆ ಎಂದರೆ ಬರಿದಾದ ಟ್ಯಾಂಕಲ್ಲ ಎಂದು ತಕ್ಷಣ ತಿಳಿಯುತ್ತದೆ.

ಇಷ್ಟರವರೆಗಿನ ಹೊಗಳಿಕೆಯೆಲ್ಲ ಸರಣಿಯಲ್ಲಿ ಬರುವ ರೋಧಕ್ಕೆ ಸಂಬಂಧಿಸಿದ್ದು. ತುಕ್ಕು ಹಿಡಿದ ಸ್ಕ್ರೂ, ಉದ್ದ ತಂತಿ, ಸಡಿಲ ಜೋಡಣೆ ಇವೆಲ್ಲವನ್ನೂ ಪ್ರವಾಹಮೂಲ ಗೆಲ್ಲುತ್ತದೆ. ಆದರೆ ಸಮಾಂತರವಾಗಿ ಬರುವ ಸೋರಿಕೆಯ ಎದುರು ಅದು ನಿಸ್ಸಹಾಯಕ, ಮತ್ತು ಜೂನ್‌ನಿಂದ ಸೆಪ್ಟೆಂಬರಿನವರೆಗೆ ಈ ಮಲೆಗಳಲ್ಲಿ ತಂತಿಗಳಿಗೆ ಆಗುವುದು ಬಹುತೇಕ ಸೋರಿಕೆಯೇ. ಟೇಪು ಸುತ್ತಿದ ಗಂಟಿನೊಳಗೆ ನೀರು ನಿಲ್ಲುತ್ತದೆ, ಜಂಕ್ಷನ್ ಪೆಟ್ಟಿಗೆಯಲ್ಲಿ ಇರುವೆ ಗೂಡು ಕಟ್ಟುತ್ತದೆ, ಮಂಡಲದ ಹಲಗೆಯ ಮೇಲೆ ಬೂಷ್ಟು ಹಬ್ಬುತ್ತದೆ. ಮೇಲಿನ ಕುಣಿಕೆಯ ಎರಡು ತಂತಿಗಳ ನಡುವೆ ಒದ್ದೆ ಗಂಟೊಂದು 24,000 ಓಮಿನ ದಾರಿ ತೆರೆದರೆ, ಸುಮಾರು 1 ಮಿಲಿಆಂಪಿಯರ್ ಸೂಚಕವನ್ನು ಬಳಸಿಕೊಂಡು ಹೋಗಿ ಕೆಳಗಿನ ರೋಧಕಕ್ಕೆ ಸೇರುತ್ತದೆ. ಮಾಪನದ ಹರವು 16 ಮಿಲಿಆಂಪಿಯರ್ ಆದ್ದರಿಂದ ಟ್ಯಾಂಕಿನಲ್ಲಿ ನಿಜಕ್ಕಿಂತ ಶೇ. 6ರಷ್ಟು ಹೆಚ್ಚು ನೀರಿದೆಯೆಂದು ತೋರುತ್ತದೆ. ಹರಿದ ತಂತಿ ಸುಳ್ಳು ಹೇಳುವುದಿಲ್ಲ, ಒದ್ದೆಯಾದ ತಂತಿ ಹೇಳುತ್ತದೆ, ಅದೂ ನಂಬುವಂತೆ. ವಿನ್ಯಾಸ ಗ್ರಂಥಗಳು ಟ್ರಾನ್ಸಿಸ್ಟರಿನ ಹೊರರೋಧವನ್ನು ಮೆಗಾಓಮುಗಳಲ್ಲಿ ಏರಿಸುವ ಬಗೆಯನ್ನು ಪುಟಗಟ್ಟಲೆ ಚರ್ಚಿಸುತ್ತವೆ. ಮಳೆಗಾಲದ ಮೂಡಿಗೆರೆಯಲ್ಲಿ ಆ ಮೆಗಾಓಮುಗಳಿಗೆ ಸಮಾಂತರವಾಗಿ ಕೂರುವ ಒದ್ದೆ ಹಲಗೆಯ ರೋಧ ಅದಕ್ಕಿಂತ ಎಷ್ಟೋ ಕಡಿಮೆ.

ಹಾಗಾಗಿ ಇಲ್ಲಿನ ವಿನ್ಯಾಸಕ್ಕೆ ಬೇಕಾದ್ದು ಹೆಚ್ಚು ಆದರ್ಶವಾದ ಪ್ರವಾಹಮೂಲವಲ್ಲ, ಕಡಿಮೆ ರೋಧದ ಸಂವೇದಕ. 10,000 ಓಮಿನ ಥರ್ಮಿಸ್ಟರ್ ಅಗ್ಗ, ಸೂಕ್ಷ್ಮ, ಒಣ ಹವೆಯಲ್ಲಿ ಒಳ್ಳೆಯದು; ಅದಕ್ಕೆ ಸಮಾಂತರವಾಗಿ 10,000 ಓಮಿನ ಸೋರಿಕೆ ಬಂದರೆ ರೋಧ ಅರ್ಧಕ್ಕಿಳಿದು ಹದಿನೈದು ಡಿಗ್ರಿಗೂ ಹೆಚ್ಚಿನ ತಪ್ಪಾಗುತ್ತದೆ. ಅಷ್ಟೇ ಸೋರಿಕೆಯಿಂದ ಪಿಟಿ 100ರಲ್ಲಿ ಆಗುವ ತಪ್ಪು 2.6 ಡಿಗ್ರಿ, ಸೋರಿಕೆ ಹತ್ತು ಲಕ್ಷ ಓಮಿನದಾದರೆ ಡಿಗ್ರಿಯ ನಾಲ್ವತ್ತನೆಯ ಒಂದು ಭಾಗ. ಪ್ಲಾಟಿನಂ ಸಂವೇದಕದ ಹೆಚ್ಚಿನ ಬೆಲೆಗೆ ಮಲೆನಾಡಿನಲ್ಲಿ ಇದೊಂದೇ ಕಾರಣ ಸಾಕು.

ನೆಲವೇ ಹೊರೆಯಾದಾಗ ಪ್ರಶ್ನೆಗೆ ಇನ್ನೊಂದು ಮುಖ ಬರುತ್ತದೆ. ಬೋರು ತೆಗೆಸುವ ಮೊದಲು ನಡೆಸುವ ರೋಧಶೀಲತೆಯ ಸಮೀಕ್ಷೆಯಲ್ಲಿ, 1915ರಲ್ಲಿ ಫ್ರಾಂಕ್ ವೆನ್ನರ್ ವಿವರಿಸಿದ ವಿಧಾನದಂತೆ ನಾಲ್ಕು ಗೂಟಗಳನ್ನು ಸಮಾನ ಅಂತರದಲ್ಲಿ ಹೊಡೆದು, ಹೊರಗಿನ ಎರಡರಿಂದ ಪ್ರವಾಹ ಹರಿಸಿ ಒಳಗಿನ ಎರಡರ ನಡುವೆ ವೋಲ್ಟೇಜನ್ನು ಅಳೆಯುತ್ತಾರೆ. ಅಂತರ 10 ಮೀಟರ್, ಪ್ರವಾಹ 20 ಮಿಲಿಆಂಪಿಯರ್, ವೋಲ್ಟೇಜು 0.1 ಬಂದರೆ ನೆಲದ ರೋಧಶೀಲತೆ ಸುಮಾರು 314 ಓಮ್‌ಮೀಟರ್. ಒಣ ಜಂಬಿಟ್ಟಿಗೆಯಲ್ಲಿ ಹೊಡೆದ ಗೂಟದ ಸಂಪರ್ಕರೋಧ ಸಾವಿರಾರು ಓಮ್ ಇರಬಹುದು, ಅದೇ ಗೂಟದ ಬುಡಕ್ಕೆ ಒಂದು ತಂಬಿಗೆ ಉಪ್ಪುನೀರು ಹೊಯ್ದರೆ ಅದು ಬಹಳ ಇಳಿಯುತ್ತದೆ. ಎರಡೂ ಸ್ಥಿತಿಯಲ್ಲಿ ಪ್ರವಾಹ ಒಂದೇ ಇರಲೆಂದು ನೂರಾರು ವೋಲ್ಟ್ ಮಿಗತೆಯ ಪ್ರವಾಹಮೂಲ ಬೇಕಾಗುತ್ತದೆ, ಅಂಥ ಗೂಟವನ್ನು ಮುಟ್ಟುವುದು ಅಪಾಯ. ಪ್ರವಾಹದ ದಿಕ್ಕನ್ನು ಆಗಾಗ ತಿರುಗಿಸದಿದ್ದರೆ ಗೂಟಗಳ ಮೇಲೆ ವಿದ್ಯುದ್ರಾಸಾಯನಿಕ ಪದರ ಕಟ್ಟಿ ಓದಿಕೆ ಜಾರುತ್ತದೆ. ಮಣ್ಣಿನ ತೇವ ಅಳೆಯುವ ಜಿಪ್ಸಂ ಬಿಲ್ಲೆಗಳಿಗೂ ಇದೇ ಮಾತು ಅನ್ವಯ.

ಕೊನೆಗೆ ಸಿಡಿಲು. ಮಾರ್ಚ್–ಏಪ್ರಿಲ್‌ನ ಹೂಮಳೆ ಗುಡುಗು ಸಿಡಿಲಿನೊಂದಿಗೇ ಬರುವುದರಿಂದ, ಗುಡ್ಡದಿಂದ ಹಳ್ಳಕ್ಕಿಳಿದ ತಂತಿ ಟ್ರಾನ್ಸಿಸ್ಟರಿಗೆ ಸಾವಿನ ದಾರಿಯಾಗಬಹುದು. ಎರಡೂ ತುದಿಯಲ್ಲಿ ಅನಿಲ ನಳಿಕೆ ಮತ್ತು ರಕ್ಷಕ ಡಯೋಡುಗಳನ್ನು ಇಡಲೇಬೇಕು. ಆದರೆ ರಕ್ಷಕಗಳೂ ತಂತಿಗಳ ನಡುವೆ ಸಮಾಂತರವಾಗಿಯೇ ಕೂರುವಂಥವು, ಹೊಡೆತ ತಿಂದು ಹಳೆಯದಾದ ಡಯೋಡು ಬಿಸಿಲಿನಲ್ಲಿ ಸದ್ದಿಲ್ಲದೆ ಸೋರುತ್ತದೆ. ಆ ಸೋರಿಕೆಯನ್ನು ಪತ್ತೆ ಹಚ್ಚುವ ಪರೀಕ್ಷೆ ಮಾತ್ರ ಸುಲಭ: ಟ್ಯಾಂಕಿನ ಬಳಿ ಸೂಚಕದ ಒಂದು ತಂತಿಯನ್ನು ಬಿಚ್ಚಿ, ಕೆಳಗಿನ 250 ಓಮ್ ರೋಧಕದ ಮೇಲಿನ ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ನೋಡಬೇಕು. ಸೂಚಕ ಕಳಚಿದ ಮೇಲೂ ಅಲ್ಲಿ ಉಳಿಯುವ ಪ್ರತಿ ಕಾಲು ವೋಲ್ಟು ಒಂದು ಮಿಲಿಆಂಪಿಯರ್ ಸೋರಿಕೆಗೆ ಸಮ. ಈ ಒಂದು ಓದಿಕೆಯನ್ನು ಜನವರಿಯ ಒಣ ದಿನದಲ್ಲೊಮ್ಮೆ, ಜುಲೈನಲ್ಲಿ ಮಳೆ ಹಿಡಿದ ಮೇಲೊಮ್ಮೆ ತೆಗೆದು ಮೋಟಾರು ಮನೆಯ ಗೋಡೆಯ ಮೇಲೆ ಬರೆದಿಟ್ಟರೆ, ಯಾವ ಗಂಟನ್ನು ಬಿಚ್ಚಿ ಒಣಗಿಸಬೇಕು, ಯಾವ ರಕ್ಷಕವನ್ನು ಬದಲಿಸಬೇಕು ಎಂಬ ಹುಡುಕಾಟ ಅಲ್ಲಿಂದ ಆರಂಭವಾಗಬಹುದು.